ಹದಿನಾರು ಹೆಜ್ಜೆ ದೂರ

ಶಿಕಾರಿಪುರ
೧೨-೧೧-೧೯೫೭

ಚಿ. ನೀಲಾಂಬಿಕಳಿಗೆ ನಿನ್ನ ಮಾವ ತೋಟಪ್ಪನ ಆಶೀರ್ವಾದ.

ಹೆಸರಿಗೆ ಮುಂಚೆ ಗೀಚಿ ಹೊಡೆದದ್ದು ಕಂಡರೆ ಬೇಜಾರು ಮಾಡಿಕೊಳ್ಳಬೇಡ. ಕೈ ರೂಢಿಯ ಮೇಲೆ ‘ಸೌ.’ ಎಂದು ಬರೆದುಬಿಟ್ಟಿತು. ಆಮೇಲೆ ನೆನಪಾಯಿತು.

ಮಗ ಸದಾಶಿವ ತೀರಿಹೋಗಿ ಒಂದು ವರ್ಷ ಎಂಟು ತಿಂಗಳು. ನೀನು ತವರಿಗೆ ಹೋದ ಮೇಲೆ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಇರಲಿ. ಈಗ ಕೆಲಸ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ದೀಪಾವಳಿಗೆ ನಿನ್ನ ಅತ್ತೆ ಅಟ್ಟ ಗುಡಿಸಿದಾಗ ಬಣ್ಣದ ಡಬ್ಬಿಗಳ ಹಿಂದೆ ಒಂದು ಪಟ ಸಿಕ್ಕಿತು. ಅವನು ಮೈಸೂರಿನಲ್ಲಿ ಚಿತ್ರ ಕಲಿಯುವಾಗ ತಂದಿದ್ದ ವಿಲಾಯತಿ ಪಟ. ನದಿ, ಸೇತುವೆ, ಆಚೆ ದಡದಲ್ಲಿ ಒಂದು ಗೋಪುರ, ಹೊಗೆಕೊಳವೆಗಳು, ಸಾಲು ಮನೆ. ಒಂದು ಗೆರೆಯೂ ಇಲ್ಲ, ಎಲ್ಲ ಚುಕ್ಕೆ. ಇದನ್ನು ನೋಡಿಕೊಂಡು ಅವನು ಹಲಗೆಯ ಮೇಲೆ ನಕಲು ಮಾಡುತ್ತಿದ್ದ. ಅರ್ಧಕ್ಕೆ ನಿಂತಿತು. ಆ ಹಲಗೆ ನಿನ್ನ ಹತ್ತಿರ ಇದೆ. ನೀನು ಹೋಗುವ ದಿನ ಸೀರೆಯಲ್ಲಿ ಸುತ್ತಿ ಒಯ್ದದ್ದನ್ನು ನೋಡಿಯೂ ಸುಮ್ಮನಿದ್ದೆ.

ಅದನ್ನು ಕಳಿಸು. ನಾನು ಮುಗಿಸುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಈ ಪೇಟೆಯಲ್ಲಿ ಓದು ಬಂದವರೆಲ್ಲ ಓದುವುದು ನಾನು ಬರೆದ ಬೋರ್ಡನ್ನೇ. ನಲವತ್ತು ವರ್ಷ ಕುಂಚ ಹಿಡಿದ ಕೈಗೆ ಚುಕ್ಕೆ ಇಡುವುದು ದೊಡ್ಡ ಮಾತಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ನಮ್ಮ ಮನೆಯಲ್ಲಿ ಇಲ್ಲ.

ಬಸ್ಸಿನ ಕಂಡಕ್ಟರ್ ಗುತ್ಯಪ್ಪನ ಕೈಯಲ್ಲಿ ಕೊಟ್ಟರೆ ಸಾಕು.

ತೋಟಪ್ಪ


ಸೊರಬ
೩-೧೨-೧೯೫೭

ಪೂಜ್ಯ ಮಾವನವರಿಗೆ ನೀಲಾಂಬಿಕ ಮಾಡುವ ಶರಣು.

ನಿಮ್ಮ ಕಾರ್ಡು ತಲುಪಿತು. ಪರಮಶಿವಣ್ಣ ಅದನ್ನು ಜಗಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಿದ. ಮುಂದೆ ಬರೆಯುವುದಿದ್ದರೆ ಇನ್‌ಲ್ಯಾಂಡ್ ಕಾಗದದಲ್ಲಿ ಬರೆದು ಅಂಟಿಸಿ ಕಳಿಸಿ.

ಹಲಗೆ ನನ್ನ ಪೆಟ್ಟಿಗೆಯ ಹಿಂದೆ ಗೋಡೆಗೆ ಒರಗಿದೆ. ಕೊಡುವುದಿಲ್ಲ ಎನ್ನುತ್ತಿಲ್ಲ, ಕೊಡಲು ಹೆದರಿಕೆ. ನೀವು ಅದನ್ನು ‘ಸಿಡುಬು ಎದ್ದ ಹಲಗೆ’ ಎಂದಿದ್ದಿರಿ. ಅವರು ಆಗ ನಕ್ಕರು. ಮಾರನೆಯ ದಿನ ಅದನ್ನು ಒಳಕೋಣೆಗೆ ತಂದಿಟ್ಟು ಅಲ್ಲೇ ಕೂತು ಮಾಡತೊಡಗಿದರು.

ಇದು ಬೋರ್ಡು ಬರೆದ ಹಾಗಲ್ಲ ಮಾವ. ನಾನು ಪಕ್ಕದಲ್ಲಿ ಕೂತು ಕಡ್ಡಿ ಒರೆಸಿ ಕೊಡುತ್ತಿದ್ದೆ, ಅಷ್ಟು ಗೊತ್ತು. ಕುಂಚ ಬೇಡ, ಬಿದಿರು ಕಡ್ಡಿಯ ತುದಿಯನ್ನು ಜಜ್ಜಿಕೊಳ್ಳಿ. ಒಂದು ಬಣ್ಣಕ್ಕೆ ಒಂದೇ ಕಡ್ಡಿ. ಮೊದಲು ಬೇರೆ ಹಲಗೆಯ ಮೇಲೆ ಪಟದಲ್ಲಿರುವ ಒಂದು ಮರ ಮಾಡಿ ನೋಡಿ, ಎಡದಂಡೆಯಲ್ಲಿ ಇದೆಯಲ್ಲ, ಅದು. ಅದು ಮರವಾದ ದಿನ ಹಲಗೆ ಕಳಿಸುತ್ತೇನೆ.

ಅತ್ತೆಯವರ ಮಂಡಿನೋವು ಹೇಗಿದೆ?

ನೀಲಾಂಬಿಕ


ಶಿಕಾರಿಪುರ
೨೦-೧೨-೧೯೫೭

ನೀಲಾಂಬಿಕಳಿಗೆ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನಿಮ್ಮಣ್ಣ ಓದಿದರೆ ಓದಲಿ. ಅವನಿಗೆ ಓದು ಬರುತ್ತದೆ ಎಂದು ಸೊರಬಕ್ಕೆಲ್ಲ ಗೊತ್ತಾಗಲಿ.

ಮಾವನಿಗೆ ಪಾಠ ಹೇಳುವ ಸೊಸೆಯನ್ನು ಇದೇ ಮೊದಲು ಕಂಡೆ. ಮೇಲಾಗಿ ಅರ್ಧ ಕಾಗದ ಬರೆದು ಅರ್ಧ ಖಾಲಿ ಬಿಟ್ಟು ಕಳಿಸಿದ್ದೀಯ. ನನ್ನ ಕಾರ್ಡು ನೋಡು, ಅಂಚಿನವರೆಗೂ ತುಂಬಿಸುತ್ತೇನೆ. ಬೋರ್ಡಿನಲ್ಲೂ ಅಷ್ಟೇ. ಅಕ್ಷರದೊಳಗೆ ಸೂಜಿಮೊನೆಯಷ್ಟು ಬಿಳಿ ಕಂಡರೂ ಗಿರಾಕಿ ಬಂದು ಕೇಳುತ್ತಾನೆ, ‘ಸಂದಿ ಬಿಟ್ಟೀಯಲ್ಲೋ’ ಅಂತ. ಸಂದಿ ಮುಚ್ಚುವುದೇ ನಮ್ಮ ಕಸುಬು.

ನೀನು ಹೇಳಿದೆ ಅಂತಲ್ಲ, ಸುಮ್ಮನೆ ಆ ಮರ ಮಾಡಿ ನೋಡಿದೆ. ಬೋರ್ಡಿಗೆ ಹಾಕುವ ಹಾಗೆ ಸೀಸದ ಕಡ್ಡಿಯಲ್ಲಿ ಚೌಕ ಹಾಕಿಕೊಂಡೆ. ತಟ್ಟೆಯಲ್ಲಿ ಹಳದಿ, ನೀಲಿ ಕಲಸಿ ಒಳ್ಳೆ ಹಸಿರು ತೆಗೆದೆ. ಒತ್ತೊತ್ತಾಗಿ ಚುಕ್ಕೆ ಇಟ್ಟೆ. ನಿನ್ನ ಅತ್ತೆಯನ್ನು ಕರೆದು ಇದೇನು ಹೇಳು ಅಂದೆ. ‘ಗ್ವಾಡಿಗೆ ಕುಳ್ಳು ತಟ್ಟಿದಂಗ ಐತ್ರಿ’ ಅಂದಳು. ಮಂಡಿನೋವು ಹಾಗೇ ಇದೆ, ಬಾಯಿಗೇನೂ ಆಗಿಲ್ಲ.

ಎಲ್ಲಿ ತಪ್ಪಿದೆ, ಬರಿ. ಉಪದೇಶ ಬೇಡ, ತಪ್ಪು ಮಾತ್ರ ಬರಿ.

ತೋಟಪ್ಪ


ಸೊರಬ
೯-೧-೧೯೫೮

ಪೂಜ್ಯ ಮಾವನವರಿಗೆ ಶರಣು.

ಕಲಸಿದ್ದೇ ತಪ್ಪು. ತಟ್ಟೆಯಲ್ಲಿ ಕಲಸಿದರೆ ಬಣ್ಣ ಸಾಯುತ್ತದೆ ಎನ್ನುತ್ತಿದ್ದರು. ಹಳದಿ ಹಳದಿಯಾಗೇ ಇರಲಿ, ನೀಲಿ ನೀಲಿಯಾಗೇ ಇರಲಿ. ಒಂದರ ಪಕ್ಕ ಒಂದನ್ನು ಮುಟ್ಟಿಯೂ ಮುಟ್ಟದ ಹಾಗೆ ಇಡಿ. ಮೊದಲಿನದು ಒಣಗುವ ತನಕ ಎರಡನೆಯದಕ್ಕೆ ಕೈ ಹಾಕಬೇಡಿ. ಆಮೇಲೆ ಹದಿನಾರು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಹತ್ತಿರ ನಿಂತವರಿಗೆ ಅದು ಕಾಣುವುದಿಲ್ಲ. ಅವರು ನನ್ನನ್ನು ಹಿತ್ತಲ ಬಾವಿಯವರೆಗೂ ಹಿಂದೆ ಹಿಂದೆ ನಡೆಸಿ, ‘ಈಗ ಹೇಳು’ ಎನ್ನುತ್ತಿದ್ದರು.

ಪಟದಲ್ಲಿರುವುದು ಯಾವ ಊರು ಎಂದು ಒಮ್ಮೆ ಕೇಳಿದೆ. ಹೆಸರಿದ್ದ ತುಂಡು ಹರಿದುಹೋಗಿತ್ತಂತೆ. ‘ಬೋರ್ಡಿಲ್ಲದ ಊರು, ಅಪ್ಪ ಬಂದು ಬರೀಬೇಕು’ ಎಂದರು.

ಇಲ್ಲಿ ಭತ್ತ ಬಡಿಯುವುದು ಮುಗಿಯಿತು. ತೊಗರ್ಸಿಯಿಂದ ಅಣ್ಣನ ಪರಿಚಯದವರು ಬಂದು ಎರಡು ದಿನ ಇದ್ದು ಹೋದರು. ಅಣ್ಣ ಅತ್ತಿಗೆ ಏನೋ ಮಾತಾಡಿಕೊಳ್ಳುತ್ತಾರೆ, ನಾನು ಹೋದರೆ ನಿಲ್ಲಿಸುತ್ತಾರೆ. ನಿಮ್ಮನ್ನು ಒಂದು ಮಾತು ಕೇಳುವುದಿದೆ. ಚಿತ್ರದ ಮಾತಲ್ಲ. ಮುಂದಿನ ಸಲ ಕೇಳುತ್ತೇನೆ.

ಈ ಸಲ ನಿಮ್ಮ ಅಕ್ಷರ ಸಾಲು ಬಿಟ್ಟು ಮೇಲಕ್ಕೆ ಹತ್ತಿದೆ. ಹುಷಾರಾಗಿದ್ದೀರಾ?

ನೀಲಾಂಬಿಕ


ಶಿಕಾರಿಪುರ
೨-೩-೧೯೫೮

ನೀಲಾಂಬಿಕಳಿಗೆ,

ಇನ್‌ಲ್ಯಾಂಡ್ ತಗೊಂಡಿದ್ದೇನೆ. ಕಾರ್ಡಿನಲ್ಲಿ ಹಿಡಿಸುವುದಿಲ್ಲ, ಅದಕ್ಕೆ. ಬೇರೆ ಏನಿಲ್ಲ.

ನಾಲ್ಕು ಸಲ ಕೆಡಿಸಿ ಐದನೇ ಸಲಕ್ಕೆ ಮರ ಆಯಿತು. ಮನೆಯೊಳಗೆ ಹದಿನಾರು ಹೆಜ್ಜೆ ಎಲ್ಲಿದೆ? ಹಲಗೆಯನ್ನು ಜಗಲಿಯಲ್ಲಿಟ್ಟು ರಸ್ತೆ ದಾಟಿ ಎದುರಿಗೆ ಗುಡ್ಡಪ್ಪನ ಕಿರಾಣಿ ಅಂಗಡಿ ಮುಂದೆ ಹೋಗಿ ನಿಂತೆ. ‘ಏನ್ ತೋಟಪ್ಪಣ್ಣ, ನಿನ್ನ ಮನೀನ ನೀನ ನೋಡಾಕತ್ತೀಯಲ್ಲ, ಮಾರತೀಯೇನು?’ ಅಂದ. ಬಾಯಿ ಮುಚ್ಚು ಅಂದು ತಿರುಗಿದೆ.

ಹಸಿರು ಇತ್ತು. ನಾನು ಹಸಿರು ಹಚ್ಚೇ ಇಲ್ಲ, ಆದರೂ ಹಸಿರು ಇತ್ತು. ಬಿಸಿಲಲ್ಲಿ ಎಲೆ ಅಲುಗಿದ ಹಾಗೆ ಇತ್ತು. ಮುಂದೆ ಬಂದರೆ ಬರೀ ಹಳದಿ ನೀಲಿ, ಹಿಂದೆ ಹೋದರೆ ಮರ. ಹೀಗೇ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ಗಾಡಿ ಹೊಡೆಯುವವನೊಬ್ಬ ಬೈದು ಹೋದ. ಬೆಳಗ್ಗೆಯ ರೊಟ್ಟಿ ತಿನ್ನುವುದೇ ಮರೆತುಹೋಯಿತು.

ಇದನ್ನು ಅವನು ನನ್ನನ್ನು ಕರೆದು ತೋರಿಸಬಹುದಿತ್ತು. ತೋರಿಸಲಿಲ್ಲ.

ನೀನು ಏನೋ ಕೇಳಬೇಕು ಅಂದಿದ್ದೆ. ಸೀರೆ ಬೇಕಿದ್ದರೆ ಉಗಾದಿಗೆ ಅತ್ತೆ ಕಳಿಸುತ್ತಾಳೆ. ಅಣ್ಣನ ಮನೆಯಲ್ಲಿ ಕಿರಿಕಿರಿ ಇದ್ದರೆ ಇಲ್ಲಿಗೆ ಬಾ, ನಿಮ್ಮ ಕೋಣೆ ಹಾಗೇ ಇದೆ. ಅಕ್ಷರ ಮೇಲಕ್ಕೆ ಹತ್ತಿದ್ದು ಬರೆಯುವ ಮಣೆ ಓರೆ ಇದ್ದದ್ದಕ್ಕೆ.

ಹಲಗೆ ಕಳಿಸು. ಮಾತು ಕೊಟ್ಟಿದ್ದೀಯ.

ತೋಟಪ್ಪ


ಸೊರಬ
೩೦-೩-೧೯೫೮

ಪೂಜ್ಯ ಮಾವನವರಿಗೆ ಶರಣು.

ಹಲಗೆಯನ್ನು ಗುತ್ಯಪ್ಪನ ಕೈಗೆ ಕೊಟ್ಟಿದ್ದೇನೆ, ಅದರ ಜೊತೆಗೇ ಈ ಕಾಗದ. ಆಕಾಶ, ಗೋಪುರ, ಹೊಗೆ ಅವರು ಮುಗಿಸಿದ್ದಾರೆ. ಎಡದಂಡೆಯ ಮರ ಮತ್ತು ಮನೆಗಳು ನಿಮ್ಮ ಪಾಲಿಗೆ. ನದಿಯಲ್ಲೂ ಅವರ ಚುಕ್ಕೆ ಇವೆ, ಅದಕ್ಕೆ ಕೈ ಹಾಕುವ ಮೊದಲು ನನಗೊಂದು ಸಾಲು ಬರೆಯಿರಿ. ಮರೆಯಬೇಡಿ.

ಉಗಾದಿಯ ಸೀರೆ ಬಂತು. ಇನ್ನೂ ಉಟ್ಟಿಲ್ಲ. ನಾನು ಕೇಳಬೇಕೆಂದದ್ದು ಬೇರೆ. ತೊಗರ್ಸಿಯ ಮಹೇಶ್ವರಪ್ಪ ಎನ್ನುವವರು ನನ್ನನ್ನು ಉಡಿಕೆ ಮಾಡಿಕೊಳ್ಳಲು ಕೇಳಿದ್ದಾರೆ. ಅವರ ಹೆಂಡತಿ ತೀರಿಕೊಂಡು ಮೂರು ವರ್ಷ, ಒಂದು ಹೆಣ್ಣುಮಗು ಇದೆ. ಗಂಡ ಹೋದವಳು ಸೀರೆ ಉಟ್ಟು ಎರಡನೆಯ ಮನೆಗೆ ಹೋಗುವುದು ನಮ್ಮಲ್ಲಿ ಹೊಸದಲ್ಲ, ನಿಮಗೆ ನಾನು ಹೇಳಬೇಕಿಲ್ಲ. ಅಣ್ಣ ಒಪ್ಪಿದ್ದಾನೆ. ಮೊದಲ ಮನೆಯ ಹಿರಿಯರು ಎಲೆ ಅಡಿಕೆ ಕೊಟ್ಟು ಕಳಿಸದೆ ನಾನು ಹೋಗುವುದಿಲ್ಲ ಎಂದು ಹೇಳಿದ್ದೇನೆ.

ನನಗೇ ಬೇಕೆಂದು ಕೇಳುತ್ತಿದ್ದೇನೋ, ಅಣ್ಣನಿಗೆ ಭಾರವಾಗಬಾರದೆಂದು ಕೇಳುತ್ತಿದ್ದೇನೋ, ತಿಳಿಯದು. ಮಗುವನ್ನು ನೋಡಿದೆ. ನನ್ನ ಸೆರಗು ಹಿಡಿದದ್ದು ಬಿಡಲಿಲ್ಲ. ಹೂಂ ಎನ್ನಿ, ಊಹೂಂ ಎನ್ನಿ, ಬರೆಯಿರಿ.

ನೀಲಾಂಬಿಕ


ಸೊರಬ
೧೮-೬-೧೯೫೮

ಪೂಜ್ಯ ಮಾವನವರಿಗೆ ಶರಣು.

ಎರಡೂವರೆ ತಿಂಗಳಾಯಿತು. ಹಲಗೆ ನಿಮ್ಮ ಕೈಗೇ ಕೊಟ್ಟೆನೆಂದು ಗುತ್ಯಪ್ಪ ಹೇಳಿದ. ‘ಇಸ್ಕಂಡ್ರು ಕಣಮ್ಮ, ಆಮೇಲೆ ಬಾಗ್ಲು ಹಾಕ್ಕಂಡ್ರು’ ಎಂದ.

ಸಿಟ್ಟಾಗಿದ್ದರೆ ಬೈದಾದರೂ ಬರೆಯಿರಿ. ನೀವು ಬೈದರೆ ನನಗೆ ರೂಢಿ ಇದೆ. ಸುಮ್ಮನಿದ್ದರೆ ಇಲ್ಲ.

ನೀಲಾಂಬಿಕ


ಶಿಕಾರಿಪುರ
೧೧-೮-೧೯೫೮

ನೀಲಾಂಬಿಕಳಿಗೆ,

ನಾನು ಕೆಡಿಸಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಹಲಗೆ ಬಿಚ್ಚಿಟ್ಟುಕೊಂಡು ನಿನ್ನ ಕಾಗದ ಓದಿದೆ. ಉಡಿಕೆ ಎಂಬ ಮಾತು ಕಂಡ ಕೂಡಲೇ ಪಿತ್ತ ನೆತ್ತಿಗೇರಿತು. ಒಂದು ಕೈಯಲ್ಲಿ ಹಲಗೆ ಕೊಟ್ಟು ಇನ್ನೊಂದು ಕೈಯಲ್ಲಿ ಒಪ್ಪಿಗೆ ಕೇಳುತ್ತಾಳೆ, ಅಡಿಕೆ ಮಂಡಿಯ ವ್ಯಾಪಾರ ಮಾಡುತ್ತಾಳೆ ಅಂದುಕೊಂಡೆ. ಆ ಸಿಟ್ಟಿನಲ್ಲೇ ಕೆಲಸಕ್ಕೆ ಕೂತೆ. ನದಿಯಲ್ಲಿ ಅಲ್ಲಲ್ಲಿ ಬಿಳಿ ಬಿಟ್ಟಿದ್ದ. ಎಲ್ಲಿ ನೋಡಿದರೂ ಸಂದಿ. ಇಷ್ಟು ದೊಡ್ಡ ಕೆಲಸ ಮಾಡಿ ಸಂದಿ ಬಿಟ್ಟಿದ್ದಾನಲ್ಲ, ಇದೇನಾ ಮೈಸೂರಿನಲ್ಲಿ ಕಲಿತದ್ದು ಎಂದು ಬೈದುಕೊಂಡು ಸೇತುವೆಯಿಂದ ಕೆಳಗಿನ ಅಂಚಿನವರೆಗೂ ಒಂದೂ ಬಿಡದೆ ನೀಲಿ ತುಂಬಿಸಿದೆ. ಸಂಜೆಯೊಳಗೆ ಮುಗಿಯಿತು. ಗುಡ್ಡಪ್ಪನ ಅಂಗಡಿ ಮುಂದೆ ಹೋಗಿ ನಿಂತು ತಿರುಗಿದೆ. ನದಿ ಇರಲಿಲ್ಲ. ಗೋಪುರದ ಕೆಳಗೆ ತಗಡು ಹೊದೆಸಿದ ಹಾಗಿತ್ತು.

ನದಿಗೆ ಕೈ ಹಾಕುವ ಮುಂಚೆ ಬರೆಯಿರಿ ಎಂದು ನೀನು ಬರೆದದ್ದನ್ನು ಓದಿದ್ದೆ. ಇವಳದೇನು ಅಂದುಕೊಂಡೆ.

ಒಣಗುವ ಮೊದಲೇ ತೆಗೆಯೋಣ ಎಂದು ಟರ್ಪೆಂಟೈನ್ ಬಟ್ಟೆ ಹಿಡಿದು ಒರೆಸಿದೆ. ಅವನದು ಎರಡು ವರ್ಷ ಒಣಗಿದ ಬಣ್ಣ, ಬರಲಾರದು ಎಂದು ತಿಕ್ಕಿದೆ. ಬಂತು. ಸೇತುವೆಯ ಕೆಳಗೆ ಅಂಗೈಯಗಲ ಬರಿಯ ಹಲಗೆ ಕಾಣುವ ತನಕ ನಿಲ್ಲಿಸಲು ನನಗೆ ತಿಳಿಯಲಿಲ್ಲ. ಮಿಕ್ಕ ನದಿಯಲ್ಲಿ ಅವನ ಚುಕ್ಕೆ ಅಲ್ಲೊಂದು ಇಲ್ಲೊಂದು ಉಳಿದಿದೆ. ಆ ಬಟ್ಟೆಯನ್ನು ನಿನ್ನ ಅತ್ತೆ ಒಲೆಗೆ ಹಾಕಲು ತೆಗೆದಳು. ಕೈಯಿಂದ ಕಸಿದುಕೊಂಡೆ. ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಇನ್ನೊಂದಿದೆ. ಮಂಡಿಯ ಬೋರ್ಡು ಬರೆಯಬೇಕಿದ್ದ ದಿನ ಅವನು ಮೈ ಬಿಸಿ ಇದೆ, ಏಣಿ ಹತ್ತಿದರೆ ಕೈ ನಡುಗುತ್ತದೆ ಎಂದ. ನಾನು ಅಂದೆ, ‘ಚುಕ್ಕಿ ಇಡಾಕ ನಡುಗದ ಕೈ ಬೋರ್ಡಿಗೆ ಯಾಕ ನಡುಗತೈತಿ?’ ಅವನು ಏಣಿ ಹತ್ತಿದ. ಬೋರ್ಡು ಮುಗಿಸಿ ಇಳಿದ. ಒಂಬತ್ತನೆಯ ದಿನಕ್ಕೆ ಹೋದ. ವಿಷಮಜ್ವರ, ಏಣಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಅವರು ಓದಿದವರು. ನಾನು ಆ ಬೋರ್ಡಿನ ಕೆಳಗೆ ಹಾದು ಮಂಡಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿನಗೆ ಗೊತ್ತಾಗದಿರಲಿ ಎಂದೇ ನೀನು ತವರಿಗೆ ಹೋದ ಮೇಲೆ ಅಷ್ಟು ದಿನ ಕಾಗದ ಹಾಕಲಿಲ್ಲ.

ಉಡಿಕೆಯ ಮಾತು ಈ ಹಲಗೆ ಸರಿ ಮಾಡಿದ ಮೇಲೆ.

ತೋಟಪ್ಪ


ಸೊರಬ
೧-೯-೧೯೫೮

ಮಾವನವರಿಗೆ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಏಣಿಯ ದಿನದ ಆ ಮಾತು ನನಗೆ ಗೊತ್ತಿತ್ತು. ಬಾಗಿಲ ಹಿಂದೆ ಇದ್ದೆ. ಗಂಡ ಸತ್ತ ಮನೆ ಎಂದು ನಾನು ತವರಿಗೆ ಬರಲಿಲ್ಲ, ನಿಮ್ಮ ಮುಖ ನೋಡಲಾರದೆ ಬಂದೆ. ನಿಮ್ಮ ಕಾಗದ ಬಂದಾಗಲೆಲ್ಲ ಈ ಸಲವಾದರೂ ಬರೆದಿದ್ದಾರೇನೋ ಎಂದು ಹುಡುಕುತ್ತಿದ್ದೆ. ಈಗ ಬರೆದಿರಿ. ಬರೆದರೆ ನನ್ನ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಹಲಗೆಯ ಮಾತು ಓದಿ ಕಣ್ಣೀರು ಹಾಕಿದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅವರು ಹೋದಾಗ ಎಲ್ಲರ ಎದುರು ಅತ್ತಿದ್ದೆ, ಈಗ ಯಾಕೆ ಅಳುತ್ತೀ ಎಂದು ಅತ್ತಿಗೆ ಕೇಳಿದರೆ ಒಲೆಯ ಹೊಗೆ ಎಂದೆ.

ನದಿಯಲ್ಲಿದ್ದ ಬಿಳಿ ಸಂದಿಯಲ್ಲ, ಅದು ಬಿಸಿಲು. ಹಲಗೆಗೆ ಮೊದಲು ಬಳಿದಿದ್ದ ಬಿಳಿ ಬಣ್ಣದ ಸಫೇದವನ್ನೇ ಅಲ್ಲಲ್ಲಿ ಬಿಟ್ಟದ್ದು. ಇಲ್ಲಿಗೆ ಬಂದಾಗಲೂ ದಂಡಾವತಿ ಹೊಳೆಯ ದಡದಲ್ಲಿ ಕೂತು ನೀರನ್ನೇ ನೋಡುತ್ತಿದ್ದರು. ಹಾಗೆ ಬಿಡುವುದು ಅವರಿಗೂ ಸುಲಭವಿರಲಿಲ್ಲ. ಸಂದಿ ಕಂಡಲ್ಲಿ ಕೈ ತಾನಾಗೇ ಓಡುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಚುಕ್ಕೆ ಇಡುತ್ತಿದ್ದರು. ಯಾಕೆ ಹೀಗೆ ಎಂದರೆ, ‘ಇದು ಅಪ್ಪನ ಕೈ. ಹಿಡಕೊಳ್ಳದಿದ್ರ ಎಲ್ಲಾ ಮುಚ್ಚಿಬಿಡತೈತಿ’ ಎನ್ನುತ್ತಿದ್ದರು. ನಗುತ್ತ ಹೇಳುತ್ತಿದ್ದರು. ಇದನ್ನು ನಿಮಗೆ ಹೇಳಬೇಕೋ ಬೇಡವೋ ಎಂದೇ ನಾಲ್ಕು ಕಾಗದ ಹರಿದದ್ದು.

ತೊಗರ್ಸಿಯವರು ದೀಪಾವಳಿಯ ತನಕ ಕಾಯುತ್ತಾರೆ. ನಾನು ಮತ್ತೆ ಕೇಳುವುದಿಲ್ಲ.

ನೀಲಾಂಬಿಕ


ಶಿಕಾರಿಪುರ
೨೯-೧೦-೧೯೫೮

ಚಿ. ಸೌ. ನೀಲಾಂಬಿಕಳಿಗೆ ತೋಟಪ್ಪನ ಆಶೀರ್ವಾದ.

ಹೊಡೆದು ಹಾಕಿಲ್ಲ, ನೋಡು. ಇನ್ನೂ ಆಗಿಲ್ಲವಲ್ಲ ಅನ್ನಬೇಡ, ಆಗುತ್ತದೆ. ಉಡಿಕೆಯಾದವಳಿಗೆ ‘ಸೌ.’ ಬರೆಯುವುದಿಲ್ಲ ಎಂದು ಜನ ಹೇಳುತ್ತಾರೆ. ಜನರ ಬೋರ್ಡು ಬರೆದವನು ನಾನು, ನನಗೆ ಅವರು ಹೇಳಿಕೊಡುವುದು ಬೇಡ.

ನಿನ್ನ ಕಾಗದ ಓದಿದ ಮೇಲೆ ಎಂಟು ದಿನ ಬೆಳಗ್ಗೆ ಹೋಗಿ ಹುಚ್ಚರಾಯನ ಕೆರೆ ಏರಿಯ ಮೇಲೆ ಕೂತೆ. ಅರವತ್ತು ವರ್ಷ ನೋಡಿದ ಕೆರೆ. ನೀರು ಪೂರ್ತಿ ನೀಲಿ ಇರುವುದೇ ಇಲ್ಲ, ಈಗ ಕಂಡೆ. ಆಮೇಲೆ ನದಿಗೆ ಕೂತೆ, ಎಡಗೈಯಿಂದ ಬಲಗೈ ಹಿಡಿದುಕೊಂಡು. ಓಡುತ್ತದೆ, ಅವನು ಹೇಳಿದ್ದು ನಿಜ. ಹಿಡಿದ ಕೈಗೂ ನೋವು ಹತ್ತಿತು. ದಿನಕ್ಕೆ ಎರಡು ಬೆರಳಗಲಕ್ಕಿಂತ ಹೆಚ್ಚು ಆಗಲಿಲ್ಲ. ಬೇಕೆಂದೇ ನಿಧಾನ ಮಾಡುತ್ತೀರಿ ಎಂದು ನಿನ್ನ ಅತ್ತೆ ಹೇಳಿದಳು. ‘ಚಿತ್ರ ಮುಗುದ್ರ ಆಕೀಗೆ ಉತ್ತರ ಬರೀಬೇಕಾಗತೈತಿ, ಅದಕ್ಕ ಎಳೀತೀರಿ’ ಅಂದಳು. ಈ ಮನೆಯಲ್ಲಿ ಓದು ಬಾರದವಳು ಅವಳೊಬ್ಬಳು, ಎಲ್ಲ ತಿಳಿಯುವುದೂ ಅವಳಿಗೇ.

ಹೌದು, ಎಳೆದೆ. ಒಪ್ಪಿದ ಮೇಲೆ ನೀನು ತೊಗರ್ಸಿಯವಳು. ಮೊದಲ ಮನೆಯ ಕಾಗದ ಆ ಮನೆಗೆ ಹೋಗುವುದು ಸರಿಯಲ್ಲ. ಅವನು ಹೀಗಂದ, ಹೀಗೆ ಕೂತ ಎಂದು ನನಗೆ ಹೇಳುವವರು ನಿನ್ನ ಬಿಟ್ಟರೆ ಯಾರೂ ಇಲ್ಲ. ನಾನು ಅವನ ಜೊತೆ ಇಪ್ಪತ್ತಾರು ವರ್ಷ ಇದ್ದೆ, ಬೋರ್ಡಿನ ಮಾತು ಬಿಟ್ಟು ಬೇರೆ ಆಡಲಿಲ್ಲ.

ಇನ್ನೊಂದು ಮುಚ್ಚಿಟ್ಟಿದ್ದೆ. ಎರಡು ಕಣ್ಣಿಗೂ ಪೊರೆ ಬಂದಿದೆ. ಅಕ್ಷರ ಮೇಲಕ್ಕೆ ಹತ್ತಿದ್ದು ಅದಕ್ಕೆ, ಮಣೆಯದೇನೂ ತಪ್ಪಿಲ್ಲ. ಬೋರ್ಡಿನ ಕೆಲಸ ಬಿಟ್ಟೆ. ಬಣ್ಣದ ಡಬ್ಬಿಯನ್ನು ನಿನ್ನ ಅತ್ತೆಯೇ ನೋಡಿ ಎತ್ತಿಕೊಡುತ್ತಿದ್ದಳು. ಎಲ್ಲರೂ ಹದಿನಾರು ಹೆಜ್ಜೆ ಹಿಂದೆ ಹೋಗಬೇಕು. ನನಗೆ ಮೊಳ ದೂರಕ್ಕೇ ಚುಕ್ಕೆ ಕರಗಿ ಊರು ಕಾಣುತ್ತದೆ. ಅವನ ಚುಕ್ಕೆ ಯಾವುದು, ನನ್ನದು ಯಾವುದು, ಕಣ್ಣಿಗೆ ತಿಳಿಯುವುದಿಲ್ಲ. ಬೆರಳಿಂದ ತಡವಿ ನೋಡುತ್ತೇನೆ. ದಪ್ಪಗೆ ಇರುವವು ನನ್ನವು.

ಒರೆಸಿ ಹಾಳು ಮಾಡಿದ ಅಂಗೈಯಗಲ ಜಾಗಕ್ಕೆ ಸಫೇದ ಬಳಿದು ಹಾಗೇ ಬಿಟ್ಟಿದ್ದೇನೆ. ಅಲ್ಲಿ ನನ್ನ ಚುಕ್ಕೆ ಇಡಲು ಮನಸ್ಸಾಗಲಿಲ್ಲ. ಗುಡ್ಡಪ್ಪ ಬಂದು ನೋಡಿ, ‘ಇಷ್ಟು ಜಾಗ ಐತಲ್ಲ, ಊರ ಹೆಸರಾದ್ರೂ ಬರಿಯೋ’ ಅಂದ. ಬರೆಯಲ್ಲ ಅಂದೆ.

ಈ ಭಾನುವಾರ ಗುತ್ಯಪ್ಪನ ಬಸ್ಸಿಗೆ ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಎಲೆ ಅಡಿಕೆ ನನ್ನ ಕೈಯಿಂದಲೇ ಕೊಡುತ್ತೇನೆ. ಉಗಾದಿಯ ಸೀರೆ ಉಟ್ಟುಕೊಂಡು ಎದುರಿಗೆ ಬಾ. ನಿಮ್ಮಣ್ಣನಿಗೆ ಹೇಳು, ಈ ಕಾಗದವನ್ನೂ ಜಗಲಿಯ ಮೇಲೆ ನಿಂತು ಓದಲಿ. ಹಲಗೆ ತರುವುದಿಲ್ಲ. ತೊಗರ್ಸಿಯ ಆ ಮನುಷ್ಯನ ಗೋಡೆ ಆ ಮನುಷ್ಯನದು. ಅದು ಇಲ್ಲೇ ನಡುಮನೆಯಲ್ಲಿ ಇರುತ್ತದೆ. ಆ ಮಗುವಿನ ತಲೆ ದಿನಾ ಬಾಚು.

ಅಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ, ಸಿಟ್ಟು ಎಂದು ತಿಳಿಯಬೇಡ. ಇದಕ್ಕೆ ಉತ್ತರ ಬರೆಯಬೇಡ.

ಕಾಗದದ ಕೆಳಗೆ ಇನ್ನೂ ನಾಲ್ಕು ಬೆರಳು ಜಾಗ ಇದೆ. ಬಿಟ್ಟಿದ್ದೇನೆ.

ತೋಟಪ್ಪ